ಮಳೆಗಾಲಕ್ಕೆ ಮೊದಲು ಎಂಜಿನ್ ಮಲಗಿಸೋದು ಹೇಗೆ?

(ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹೊಸನಗರದಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಎಂಜಿನ್. ಹೊಸ ಬೈಕಿನ ರಿವ್ಯೂ, ಕಾರಿನ ಮೈಲೇಜು ಅಂತೆಲ್ಲ ನಿರೀಕ್ಷೆ ಇಟ್ಕೋಬೇಡಿ. ವರ್ಷದಲ್ಲಿ ಕೆಲವೇ ವಾರ ಓಡಿ, ಉಳಿದ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲೋ ಎಂಜಿನ್‌ಗಳಿವೆಯಲ್ಲ? ತೋಟದ ಡೀಸೆಲ್ ಪಂಪ್‌ಸೆಟ್, ಕೊಳೆ ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ವೀಡ್ ಕಟರ್, ಟಿಲ್ಲರ್, ದೋಣಿ, ಲಾಂಚ್. ಅವುಗಳ ಬಗ್ಗೆ ಈ ಸಂಚಿಕೆ. ಎಂಜಿನ್ ಸ್ಟಾರ್ಟ್ ಮಾಡೋದು ಎಲ್ರಿಗೂ ಗೊತ್ತು. ಆದ್ರೆ ಅದನ್ನ ನಿಲ್ಲಿಸೋದಕ್ಕೂ ಒಂದು ಕ್ರಮ ಇದೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ವಿಷಯಕ್ಕೆ ಬಂದಿದ್ದೂ ಲೆಕ್ಕದ ಬಾಗಿಲಿನಿಂದ್ಲೇ. ಅಕೌಂಟೆನ್ಸಿಯಲ್ಲಿ ‘ಸವಕಳಿ’ ಅಂತ ಒಂದು ಪಾಠ ಬರುತ್ತೆ. ಯಂತ್ರ ತಗೊಂಡ ಮೇಲೆ ವರ್ಷದಿಂದ ವರ್ಷಕ್ಕೆ ಅದರ ಬೆಲೆ ಇಳೀತಾ ಹೋಗುತ್ತೆ, ಅದನ್ನ ಖರ್ಚು ಅಂತ ಬರೀಬೇಕು. ನಮ್ಮ ದೇಶದ ದೊಡ್ಡ ಕಂಪನಿಗಳು ಪಾಲಿಸೋ ‘ಇಂಡ್ ಎಎಸ್ 16’ ಅನ್ನೋ ಲೆಕ್ಕಪತ್ರ ಮಾನದಂಡದಲ್ಲಿ ಒಂದು ಮಾತಿದೆ: ಯಂತ್ರ ಸುಮ್ಮನೆ ನಿಂತಿದೆ ಅನ್ನೋ ಕಾರಣಕ್ಕೆ ಸವಕಳಿ ಲೆಕ್ಕ ನಿಲ್ಲಿಸೋ ಹಾಗಿಲ್ಲ. ಎಷ್ಟು ಓಡಿತು ಅನ್ನೋದರ ಮೇಲೆ ಸವಕಳಿ ಹಾಕೋ ಪದ್ಧತಿ ಇದ್ದರೆ ಮಾತ್ರ ಬೇರೆ. ಓಡದ ಯಂತ್ರ ಸವೆಯೋದು ಹೇಗೆ ಅಂತ ಪರೀಕ್ಷೆಗೆ ಓದುವಾಗ ಯಾರೂ ಕೇಳಲ್ಲ. ನಮ್ಮ ಮನೆ ಹಿಂದಿನ ಶೆಡ್ಡಿಗೆ ಆಗಸ್ಟ್ ತಿಂಗಳಲ್ಲಿ ಒಂದು ಸಲ ಹೋಗಿ ನೋಡಿದ್ರೆ ಸಾಕು, ಉತ್ತರ ಅಲ್ಲೇ ಇರುತ್ತೆ.

ಬೇಕಾದ ದಿನ ಕೈ ಕೊಟ್ರೆ?

ಇದು ಯಾಕೆ ಮುಖ್ಯ ಅಂತ ಮೊದಲು ಹೇಳ್ತೀನಿ. ಅಡಿಕೆ ತೋಟ ಇರೋರಿಗೆ ಜೂನ್ ಮೊದಲ ವಾರ ಅಂದ್ರೆ ಏನು ಅಂತ ಗೊತ್ತು. ಮಳೆ ಹಿಡಿಯೋಕೆ ಮೊದಲು ಬೋರ್ಡೋ ದ್ರಾವಣ ಗೊನೆಗೆ ಬೀಳ್ಬೇಕು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಮರ ಹತ್ತೋ ಕೊನೆಗಾರರು ಸಿಗೋದು ಕಷ್ಟ, ಸಿಕ್ಕ ದಿನ ಬಿಸಿಲು ಇರೋದು ಇನ್ನೂ ಕಷ್ಟ. ಎರಡೂ ಕೂಡಿ ಬಂದ ದಿನ ಸ್ಪ್ರೇಯರ್ ಎಂಜಿನ್ ಹಗ್ಗ ಎಳೆದೂ ಎಳೆದೂ ಕೈ ನೋವು ಬಂತೇ ಹೊರತು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ? ಆ ವಾರ ಊರಿನ ಮೆಕ್ಯಾನಿಕ್ ಹತ್ರ ಇದೇ ಕಥೆಯ ಇಪ್ಪತ್ತು ಯಂತ್ರ ಸಾಲಾಗಿ ಕೂತಿರುತ್ತವೆ. ಅಷ್ಟರಲ್ಲಿ ಮಳೆ ಹಿಡಿದ್ರೆ ನಷ್ಟ ಎಂಜಿನ್ನಿನದ್ದಲ್ಲ, ಫಸಲಿನದ್ದು.

ಪಂಪ್‌ಸೆಟ್ಟಿನ ಕಥೆ ಇದರ ತದ್ವಿರುದ್ಧ. ಅದಕ್ಕೆ ಕೆಲಸ ಜನವರಿಯಿಂದ ಮೇ ತನಕ. ಜೂನ್‌ನಿಂದ ಡಿಸೆಂಬರ್ ಅದು ಮಲಗಿರುತ್ತೆ. ಟಿಲ್ಲರ್ ಗದ್ದೆ ನೆಟ್ಟಿ ಮುಗಿದ ಮೇಲೆ ಮಲಗುತ್ತೆ. ವೀಡ್ ಕಟರ್ ಹುಲ್ಲು ಒಣಗಿದ ಮೇಲೆ. ಲಿಂಗನಮಕ್ಕಿ ಹಿನ್ನೀರಿನ ಲಾಂಚ್‌ಗಳಿಗೆ ಕಷ್ಟ ಬರೋದು ಬೇಸಿಗೆಯಲ್ಲಿ. ಅಣೆಕಟ್ಟೆಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನೀರು ಅದಕ್ಕಿಂತ ತುಂಬಾ ಕೆಳಗೆ ಇಳಿದಾಗ ಹಸಿರುಮಕ್ಕಿಯಲ್ಲಿ ಲಾಂಚ್ ನಿಲ್ಲಿಸಿದ ಸುದ್ದಿ ನೀವೂ ಓದಿರ್ತೀರಿ. ಸಿಗಂದೂರಿಗೆ ಹೋಗೋರಿಗೆ 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗೋ ತನಕ ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ಹತ್ತಿರದ ದಾರಿಯಾಗಿತ್ತು. ಅಂದ್ರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ವರ್ಷದ ಯಾವ ತಿಂಗಳು ತಗೊಂಡ್ರೂ ಯಾವುದೋ ಒಂದು ಎಂಜಿನ್ ಮಲಗಿರುತ್ತೆ. ಪ್ರಶ್ನೆ ಏನಂದ್ರೆ, ಅದನ್ನ ನಾವು ಮಲಗಿಸಿದ್ವಾ, ಇಲ್ಲಾ ಅದು ಬಿದ್ದುಕೊಂಡಿದೆಯಾ?

ಹಿಮ ಬೀಳೋ ದೇಶದ ಪಾಠ

ಎಂಜಿನ್ ಮಲಗಿಸೋದನ್ನ ಒಂದು ಶಾಸ್ತ್ರದ ಹಾಗೆ ಮಾಡೋದು ಹಾಯಿದೋಣಿ ಇಟ್ಟುಕೊಂಡವರು. ಕೆನಡಾ, ಸ್ವೀಡನ್, ಅಮೆರಿಕದ ಉತ್ತರದ ರಾಜ್ಯಗಳಂಥ ಕಡೆ. ಹಾಯಿ ಇದ್ದ ಮೇಲೆ ಎಂಜಿನ್ ಯಾಕೆ ಅಂತ ಕೇಳಬಹುದು. ಗಾಳಿ ಬಿದ್ದುಹೋದಾಗ, ಬಂದರಿನ ಒಳಗೆ ಇಕ್ಕಟ್ಟಲ್ಲಿ ತಿರುಗಿಸುವಾಗ ಬೇಕಾಗುತ್ತೆ. ದೋಣಿಯ ಹಿಂಬದಿಗೆ ಹೊರಗಡೆ ನೇತುಹಾಕಿದ್ದು ಔಟ್‌ಬೋರ್ಡ್, ಹೊಟ್ಟೆಯೊಳಗೆ ಕೂರಿಸಿದ್ದು ಇನ್‌ಬೋರ್ಡ್. ಸ್ವಲ್ಪ ದೊಡ್ಡ ಹಾಯಿದೋಣಿಗಳಲ್ಲಿ ಸಾಮಾನ್ಯವಾಗಿ ಇರೋದು ಸಣ್ಣ ಡೀಸೆಲ್ ಇನ್‌ಬೋರ್ಡ್, ಹೆಚ್ಚುಕಡಿಮೆ ನಮ್ಮ ಪಂಪ್‌ಸೆಟ್ಟಿನ ದಾಯಾದಿ.

ಆ ಎಂಜಿನ್ ತಣ್ಣಗಾಗೋದು ಹೊರಗಿನ ನೀರಿನಿಂದ. ಒಂದು ಪಂಪು ಕೆರೆಯ ಅಥವಾ ಸಮುದ್ರದ ನೀರನ್ನ ಒಳಗೆ ಎಳೆದು, ಎಂಜಿನ್ ಸುತ್ತ ಅಥವಾ ಹೀಟ್ ಎಕ್ಸ್‌ಚೇಂಜರ್ ಮೂಲಕ ಹರಿಸಿ, ಹೊಗೆ ಕೊಳವೆಯ ಜೊತೆ ಹೊರಗೆ ಬಿಡುತ್ತೆ. ಚಳಿಗಾಲದಲ್ಲಿ ಆ ನೀರು ಒಳಗೇ ಉಳಿದ್ರೆ ಹೆಪ್ಪುಗಟ್ಟುತ್ತೆ. ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಫ್ರೀಜರ್‌ನಲ್ಲಿಟ್ಟ ಗಾಜಿನ ಬಾಟ್ಲಿ ಒಡೆಯೋದು ನೋಡಿದ್ದೀರಲ್ಲ, ಎಂಜಿನ್ನಿನ ಎರಕದ ಕಬ್ಬಿಣದ ಬ್ಲಾಕ್ ಕೂಡ ಹಾಗೇ ಸೀಳುತ್ತೆ.

ಅದಕ್ಕೇ ಅವರು ಶರತ್ಕಾಲದಲ್ಲಿ ಒಂದು ದಿನ ಕೂತು ಈ ಕೆಲಸ ಮುಗಿಸ್ತಾರೆ. ಎಂಜಿನ್ ಬಿಸಿ ಮಾಡಿ ಹಳೆ ಆಯಿಲ್ ತೆಗೀತಾರೆ, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕ್ತಾರೆ. ಡೀಸೆಲ್ ಫಿಲ್ಟರಿನ ತಳದ ನೀರು ತೆಗೆದು, ಟ್ಯಾಂಕ್ ಬಹುತೇಕ ತುಂಬಿಸ್ತಾರೆ. ನೀರು ಎಳೆಯೋ ದಾರಿಯಲ್ಲಿ ಸಿಹಿನೀರು ಹರಿಸಿ ತೊಳೆದು, ಆಮೇಲೆ ಹೆಪ್ಪುಗಟ್ಟದ ದ್ರವವನ್ನ ಅದೇ ಪಂಪಿನಿಂದ ಎಳೆಸಿ, ಅದು ಹೊಗೆ ಕೊಳವೆಯಿಂದ ಹೊರಗೆ ಬರೋ ತನಕ ಓಡಿಸ್ತಾರೆ. ಆ ದ್ರವ ಕೊನೆಗೆ ನೀರಿಗೇ ಸೇರೋದ್ರಿಂದ ಕಾರಿನ ರೇಡಿಯೇಟರಿನ ವಿಷಕಾರಿ ಎಥಿಲೀನ್ ಗ್ಲೈಕಾಲ್ ಬದಲು ಪ್ರೊಪಿಲೀನ್ ಗ್ಲೈಕಾಲ್ ಬಳಸ್ತಾರೆ. ಪಂಪಿನೊಳಗಿನ ರಬ್ಬರ್ ಚಕ್ರ, ಅಂದ್ರೆ ಇಂಪೆಲ್ಲರ್, ಬಿಚ್ಚಿ ಇಡ್ತಾರೆ. ತಿಂಗಳುಗಟ್ಟಲೆ ಬಾಗಿ ಕೂತ್ರೆ ಅದರ ರೆಕ್ಕೆ ಹಾಗೇ ಸೆಟೆದು ಹೋಗುತ್ತೆ. ಸಿಲಿಂಡರಿನೊಳಗೆ ಸ್ವಲ್ಪ ಎಣ್ಣೆ, ಗಾಳಿ ಮತ್ತು ಹೊಗೆಯ ಬಾಯಿಗೆ ಮುಚ್ಚಳ, ಬ್ಯಾಟರಿ ಬಿಚ್ಚಿ ಚಾರ್ಜು. ಮುಗೀತು.

ಈ ಪಟ್ಟಿಯನ್ನ ಗಮನವಿಟ್ಟು ನೋಡಿ. ಹೆಪ್ಪುಗಟ್ಟದ ದ್ರವ ಒಂದನ್ನ ಬಿಟ್ರೆ ಉಳಿದದ್ದೆಲ್ಲ ನಮಗೂ ಬೇಕಾದ್ದೇ. ಯಾಕಂದ್ರೆ ನಿಂತ ಎಂಜಿನ್ನಿನ ಶತ್ರು ಎಲ್ಲಾ ಕಡೆ ಒಂದೇ, ನೀರು. ಅದರ ವೇಷ ಮಾತ್ರ ಊರಿಂದ ಊರಿಗೆ ಬೇರೆ.

ಘಟ್ಟದ ಕೆಳಗೆ: ಉಪ್ಪು

ಹುಲಿಕಲ್ ಘಾಟಿ ಇಳಿದು ಕುಂದಾಪುರ ಕಡೆ ಹೋದ್ರೆ ಗಂಗೊಳ್ಳಿ, ಇನ್ನೂ ದಕ್ಷಿಣಕ್ಕೆ ಮಲ್ಪೆ. ಅಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಕಾಲ, ಸಮುದ್ರವೂ ಒರಟು. 10 ಅಶ್ವಶಕ್ತಿ ತನಕದ ಎಂಜಿನ್ ಇರೋ ನಾಡದೋಣಿಗಳಿಗೆ ವಿನಾಯಿತಿ ಇದೆ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಆ ಎರಡು ತಿಂಗಳು ಬಲೆ ಕೆಲಸ, ಬಣ್ಣ, ಎಂಜಿನ್ ಕೆಲಸದ ಕಾಲ. ಆಗಸ್ಟ್‌ನಲ್ಲಿ ಕಡಲಿಗೆ ಇಳಿಯುವಾಗ ಎಂಜಿನ್ ಕೈ ಕೊಟ್ರೆ ವರ್ಷದ ಒಳ್ಳೆ ಮೀನಿನ ದಿನಗಳು ದಡದಲ್ಲೇ ಕಳೆದುಹೋಗುತ್ತವೆ.

ಅಲ್ಲಿನ ನೀರಿನ ವೇಷ ಉಪ್ಪು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ನೀರು ಒಣಗಿದ್ರೂ ಉಪ್ಪು ಲೋಹಕ್ಕೆ ಅಂಟಿಕೊಂಡೇ ಇರುತ್ತೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡೋ ಹಾಗೆ ಅದು ಗಾಳಿಯ ತೇವ ಹೀರಿ ಲೋಹವನ್ನ ಸದಾ ಒದ್ದೆಯಾಗಿ ಇಡುತ್ತೆ. ಅದಕ್ಕೆ ಮದ್ದು, ನಿಲ್ಲಿಸೋಕೆ ಮೊದಲು ತಂಪು ಮಾಡೋ ದಾರಿಯಲ್ಲಿ ಧಾರಾಳ ಸಿಹಿನೀರು ಹರಿಸಿ ತೊಳೆಯೋದು. ಇನ್ನೊಂದು ಉಪಾಯ ಸತುವಿನ ತುಂಡು. ಸಮುದ್ರದ ನೀರಲ್ಲಿ ಓಡೋ ಎಂಜಿನ್ನಿಗೂ ದೋಣಿಯ ತಳಕ್ಕೂ ಸತುವಿನ ತುಂಡು ಕೂರಿಸಿರ್ತಾರೆ. ಉಪ್ಪುನೀರು ಮೊದಲು ಸತುವನ್ನ ತಿನ್ನುತ್ತೆ, ಅದು ಇರೋ ತನಕ ಹಿತ್ತಾಳೆ, ಕಬ್ಬಿಣ ಬಚಾವ್. ನಿಲ್ಲಿಸಿದಾಗ ಅದನ್ನ ನೋಡಿ, ಅರ್ಧ ಸವೆದಿದ್ರೆ ಹೊಸದು ಹಾಕೋದು ಒಳ್ಳೇದು.

ಇದನ್ನ ಕೇಳಿ ‘ನಮ್ಮಲ್ಲಿ ಉಪ್ಪೆಲ್ಲಿದೆ’ ಅನ್ಬೇಡಿ. ಬೋರ್ಡೋ ಹೊಡೆದ ಸ್ಪ್ರೇಯರಿನೊಳಗೆ ಉಳಿಯೋ ಮೈಲುತುತ್ತವೂ ಒಂದು ತಾಮ್ರದ ಲವಣವೇ. ಅದು ಕಬ್ಬಿಣವನ್ನ ತಿನ್ನುತ್ತೆ. ಸುಣ್ಣ ಗಟ್ಟಿಯಾಗಿ ವಾಲ್ವು, ನಾಜಲ್ ಕಟ್ಟುತ್ತೆ. ಕೊನೇ ದಿನದ ಔಷಧಿ ಮುಗಿದ ತಕ್ಷಣ ಹತ್ತಿಪ್ಪತ್ತು ಲೀಟರ್ ಚೊಕ್ಕ ನೀರು ಪಂಪು, ಪೈಪು, ಗನ್ ಎಲ್ಲದರಲ್ಲೂ ಹಾಯಿಸಿ. ಬಂದರಿನವರ ಸಿಹಿನೀರಿನ ಪಾಠ ನಮಗೆ ಇಲ್ಲಿ ಕೆಲಸಕ್ಕೆ ಬರುತ್ತೆ.

ನಮ್ಮಲ್ಲಿ: ತೇವ

ಈಗ ಘಟ್ಟದ ಮೇಲಿನ ಕಥೆ. ನಮ್ಮ ತಾಲ್ಲೂಕಿನ ಹುಲಿಕಲ್, ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಎರಡೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳೋ ಜಾಗಗಳು. ಇಲ್ಲಿ ನೀರು ಹೆಪ್ಪುಗಟ್ಟಲ್ಲ, ಉಪ್ಪೂ ಇಲ್ಲ. ಗಾಳಿಯೇ ನೀರು. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಬರೋ ಕಾಲ. ಗಾಳಿಯ ತೇವಾಂಶ ಶೇ. 60-70 ದಾಟಿದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ವೇಗ ಜೋರಾಗುತ್ತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅದಕ್ಕಿಂತ ಕೆಳಗೆ ಇಳಿಯೋ ದಿನವೇ ಅಪರೂಪ.

ಈ ತೇವ ಎಂಜಿನ್ನಿನೊಳಗೆ ಹೋಗೋದು ನಾಲ್ಕು ದಾರಿಯಲ್ಲಿ.

ಮೊದಲನೇದು ಸಿಲಿಂಡರ್. ಎಂಜಿನ್ ಎಲ್ಲೋ ಅರ್ಧದಲ್ಲಿ ನಿಂತಾಗ ಒಂದು ವಾಲ್ವು ತೆರೆದೇ ಇರಬಹುದು. ಆ ದಾರಿಯಲ್ಲಿ ಹೊರಗಿನ ಗಾಳಿ ಸೀದಾ ಸಿಲಿಂಡರಿಗೆ. ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತೆ. ಎಂಜಿನ್ ಜಾಮ್ ಆಗಿದೆ ಅಂತಾರಲ್ಲ, ಅದು ಇದೇ.

ಎರಡನೇದು ಆಯಿಲ್. ಓಡಿದ ಆಯಿಲಿನಲ್ಲಿ ಮಸಿ, ಸ್ವಲ್ಪ ನೀರು, ಉರಿದ ಇಂಧನದಿಂದ ಬಂದ ಆಮ್ಲ ಸೇರಿರುತ್ತೆ. ತಿಂಗಳುಗಟ್ಟಲೆ ಬೇರಿಂಗು ಅದರಲ್ಲೇ ನೆನೆದ್ರೆ ತಿನ್ನಿಸಿಕೊಳ್ಳುತ್ತೆ. ‘ಮುಂದಿನ ವರ್ಷ ಶುರು ಮಾಡುವಾಗ ಹೊಸ ಆಯಿಲ್ ಹಾಕಿದ್ರಾಯ್ತು’ ಅಂತ ನಮ್ಮಲ್ಲಿ ಹೇಳೋ ಮಾತಿದೆ. ಕ್ರಮ ಉಲ್ಟಾ ಆಗ್ಬೇಕು: ಹೊಸ ಆಯಿಲ್ ಹಾಕಿ ಮಲಗಿಸಬೇಕು.

ಮೂರನೇದು ಇಂಧನ. ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಇದ್ರೆ, ಖಾಲಿ ಜಾಗದ ಗಾಳಿ ರಾತ್ರಿ ತಣ್ಣಗಾದಾಗ ಟ್ಯಾಂಕಿನ ಗೋಡೆ ಬೆವರುತ್ತೆ. ಆ ಹನಿ ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತೆ. ನೀರು-ಡೀಸೆಲ್ ಸೇರೋ ಗಡಿಯಲ್ಲಿ ಒಂಥರಾ ಶಿಲೀಂಧ್ರ ಬೆಳೆಯುತ್ತೆ. ಲೋಳೆಯ ಹಾಗೆ ಫಿಲ್ಟರ್ ಕಟ್ಟೋದು ಅದೇ. ಪೆಟ್ರೋಲಿನ ಕಥೆ ಬೇರೆ. ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ ಶೇ. 20 ಎಥನಾಲ್ ಇರೋ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತೆ. ಹೀರಿದ ನೀರು ಒಂದು ಮಿತಿ ದಾಟಿದ್ರೆ ನೀರು-ಎಥನಾಲ್ ಒಂದಾಗಿ ಬೇರ್ಪಟ್ಟು ತಳದಲ್ಲಿ ಕೂರುತ್ತೆ. ಕಾರ್ಬ್ಯುರೇಟರ್ ಇಂಧನ ಎಳೆದುಕೊಳ್ಳೋದೂ ತಳದಿಂದ್ಲೇ. ಅಷ್ಟೇ ಅಲ್ಲ, ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋದ ಮೇಲೆ ಅಂಟಿನಂಥದ್ದು ಉಳಿದು, ಕಾರ್ಬ್ಯುರೇಟರಿನ ಸೂಜಿ ಮೊನೆಯಂಥ ಜೆಟ್ ಮುಚ್ಚಿಹೋಗುತ್ತೆ. ಸ್ಪ್ರೇಯರ್, ವೀಡ್ ಕಟರ್ ಸ್ಟಾರ್ಟ್ ಆಗದೆ ಇರೋದಕ್ಕೆ ಬಹಳ ಸಲ ಇದೇ ಕಾರಣ.

ನಾಲ್ಕನೇದು ತಂಪು ಮಾಡೋ ನೀರು. ನೀರಿನಿಂದ ತಣ್ಣಗಾಗೋ ಪಂಪ್‌ಸೆಟ್ಟಿನಲ್ಲಿ ಹಾಕಿದ ಬಾವಿ ನೀರು ಹಾಗೇ ಉಳಿದ್ರೆ ಒಳಗಿನಿಂದ ತುಕ್ಕು. ಪಂಪಿನ ಹೊಟ್ಟೆಯಲ್ಲಿ ಉಳಿದ ನೀರೂ ಅಷ್ಟೇ.

ಮಲಗಿಸೋ ಕ್ರಮ

ಈಗ ಕೆಲಸಕ್ಕೆ ಬರೋಣ. ಅರ್ಧ ದಿನ ಸಾಕು. ಫೋನಲ್ಲಿ ಇದನ್ನ ಸೇವ್ ಮಾಡಿಟ್ಕೊಳ್ಳಿ. ಎಂಜಿನ್ ಜೊತೆ ಬಂದ ಪುಸ್ತಕ ಇದ್ರೆ ಅದರಲ್ಲಿ ಹೇಳಿದ್ದೇ ಮೊದಲು, ನನ್ನ ಮಾತು ಆಮೇಲೆ.

ಒಂದು. ಬಯಲಲ್ಲಿ ಇಟ್ಟು ಹದಿನೈದಿಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಬೇಡವೇ ಬೇಡ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತೆ. ಪಂಪ್‌ಸೆಟ್ ಆದ್ರೆ ನೀರು ಎಳೀತಾ ಇರುವಾಗ್ಲೇ ಓಡಿಸಿ. ನೀರಿಲ್ಲದೆ ಓಡಿಸಿದ್ರೆ ಪಂಪಿನ ಸೀಲು ಸುಡುತ್ತೆ.

ಎರಡು. ನಿಲ್ಲಿಸಿ, ಆಯಿಲ್ ಬಿಸಿ ಇರುವಾಗ್ಲೇ ತಳದ ಬೋಲ್ಟ್ ಬಿಚ್ಚಿ ತೆಗೀರಿ. ಬಿಸಿ ಆಯಿಲಿನ ಜೊತೆ ಕೊಳೆಯೂ ಬರುತ್ತೆ. ಹೊಸ ಆಯಿಲ್ ಹಾಕಿ, ಫಿಲ್ಟರ್ ಇದ್ರೆ ಬದಲಿಸಿ, ಎರಡು ನಿಮಿಷ ಓಡಿಸಿ. ಹೊಸ ಆಯಿಲ್ ಎಲ್ಲಾ ಕಡೆ ಹರಡಲಿ. ಹಳೆ ಆಯಿಲ್ ಹಳ್ಳಕ್ಕೋ ತೋಟದ ಕಾಲುವೆಗೋ ಚೆಲ್ಲಬೇಡಿ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಮೂರು, ಇಂಧನ. ಇಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ವಿರುದ್ಧ ನಿಯಮ, ಗಮನ ಇಡಿ. ಪೆಟ್ರೋಲ್ ಎಂಜಿನ್: ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಾನಾಗಿ ಆಫ್ ಆಗೋ ತನಕ ಓಡಿಸಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ತೆಗೀರಿ. ಹತ್ತಿರದಲ್ಲಿ ಬೀಡಿ, ಬೆಂಕಿ ಇರಬಾರದು. ತೆಗೆದ ಪೆಟ್ರೋಲನ್ನ ಆ ವಾರವೇ ಬೈಕಿಗೆ ಹಾಕಿ ಮುಗಿಸಿ. ಟು-ಸ್ಟ್ರೋಕ್ ಯಂತ್ರದ್ದಾದ್ರೆ ಅದರಲ್ಲಿ ಟೂಟಿ ಆಯಿಲ್ ಸೇರಿರುತ್ತೆ, ಬೈಕಿಗೆ ಬೇಡ, ಪಕ್ಕದ ಮನೆಯವರ ಯಂತ್ರಕ್ಕೆ ಕೊಡಿ. ಡೀಸೆಲ್ ಎಂಜಿನ್: ಖಾಲಿ ಆಗೋ ತನಕ ಓಡಿಸಬೇಡಿ. ಇಂಧನದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ್ರೆ ಮತ್ತೆ ಗಾಳಿ ತೆಗೆಯೋ ಕೆಲಸ ಬೀಳುತ್ತೆ. ಫಿಲ್ಟರಿನ ತಳದ ನೀರು ತೆಗೆದು, ಟ್ಯಾಂಕನ್ನ ಚೂರು ಜಾಗ ಬಿಟ್ಟು ತುಂಬಿಸಿ.

ನಾಲ್ಕು, ನೀರು. ಬಾವಿ ನೀರು ಹಾಕಿದ ಎಂಜಿನ್ ಆದ್ರೆ ಡ್ರೈನ್ ಬಿಚ್ಚಿ ಪೂರ್ತಿ ಬಸಿಯಿರಿ. ರೇಡಿಯೇಟರಿನಲ್ಲಿ ಸರಿಯಾದ ಕೂಲಂಟ್ ಇದ್ರೆ ಅದು ಅಲ್ಲೇ ಇರಲಿ, ಅದರಲ್ಲಿ ತುಕ್ಕು ತಡೆಯೋ ಅಂಶ ಇದೆ. ಪಂಪಿನ ತಳದ ಪ್ಲಗ್ ಬಿಚ್ಚಿ ಖಾಲಿ ಮಾಡಿ. ಹೊಳೆಗೆ ಬಿಟ್ಟ ಪೈಪು, ಫುಟ್‌ವಾಲ್ವು ಮೇಲೆ ಎಳೆದಿಡಿ.

ಐದು, ಸಿಲಿಂಡರಿಗೆ ಎಣ್ಣೆ. ಪೆಟ್ರೋಲ್ ಎಂಜಿನ್ ಆದ್ರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೆರಡು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗ ನಿಧಾನಕ್ಕೆ ನಾಲ್ಕೈದು ಸಲ ಎಳೆದು, ಪ್ಲಗ್ ಮತ್ತೆ ಕೂರಿಸಿ. ಜಾಸ್ತಿ ಬಿಟ್ರೆ ಕೆಡುಕು. ಎಣ್ಣೆ ಒತ್ತಡಕ್ಕೆ ಕುಗ್ಗಲ್ಲ, ಮುಂದೆ ಜೋರಾಗಿ ತಿರುಗಿಸಿದಾಗ ಒಳಗಿನ ರಾಡ್ ಬಾಗಬಹುದು. ಡೀಸೆಲ್ ಎಂಜಿನ್ ಆದ್ರೆ ಈ ಒಂದು ಹೆಜ್ಜೆಯನ್ನ ಮೆಕ್ಯಾನಿಕ್ ಕೈಲಿ ಮಾಡಿಸಿ.

ಆರು, ಇದು ಪುಕ್ಕಟೆ, ಆದ್ರೆ ಹೆಚ್ಚಿನವರು ಮಾಡಲ್ಲ. ಹಗ್ಗ ಎಳೆಯೋ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಹಗ್ಗವನ್ನ ನಿಧಾನಕ್ಕೆ ಎಳೀರಿ. ಒಂದು ಕಡೆ ಬಿಗಿ ಸಿಗುತ್ತೆ. ಅಲ್ಲೇ ನಿಲ್ಲಿಸಿ. ಆಗ ಪಿಸ್ಟನ್ ಮೇಲೆ ಬರ್ತಿದೆ, ಎರಡೂ ವಾಲ್ವು ಮುಚ್ಚಿವೆ. ಸಿಲಿಂಡರಿನ ಬಾಗಿಲು ಹಾಕಿದ ಹಾಗೆ. ಹ್ಯಾಂಡಲ್ ಹೊಡೆಯೋ ಡೀಸೆಲ್ ಎಂಜಿನ್ನಿನಲ್ಲೂ ಇದೇ ಥರ, ಡಿಕಂಪ್ರೆಷನ್ ಲಿವರ್ ಕೆಳಗೆ ಬಿಟ್ಟು ಬಿಗಿ ಸಿಕ್ಕಲ್ಲಿ ನಿಲ್ಲಿಸಿ.

ಏಳು. ಏರ್ ಫಿಲ್ಟರಿನ ಬಾಯಿ, ಸೈಲೆನ್ಸರಿನ ಬಾಯಿ ಎರಡಕ್ಕೂ ಎಣ್ಣೆ ಸವರಿದ ಬಟ್ಟೆ ತುರುಕಿ. ತೇವ ಮಾತ್ರ ಅಲ್ಲ, ಇಲಿ ಗೂಡು, ಮಣ್ಣಿನ ಗೂಡು ಕಟ್ಟೋ ಹುಳ, ಎಲ್ಲಕ್ಕೂ ತಡೆ. ಬಟ್ಟೆ ಇದೆ ಅಂತ ಒಂದು ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಿ. ಅದರಲ್ಲೇ ತಾರೀಕು, ಹಾಕಿದ ಆಯಿಲ್ ಯಾವುದು, ಏನೇನು ಬದಲಿಸಿದ್ದು ಅಂತ ಬರೀರಿ.

ಎಂಟು, ಸೆಲ್ಫ್ ಇರೋ ಎಂಜಿನ್ ಆದ್ರೆ ಬ್ಯಾಟರಿ. ಮೊದಲು ನೆಗೆಟಿವ್ ವೈರು ಬಿಚ್ಚಿ. ಬ್ಯಾಟರಿ ಒಣ ಜಾಗದಲ್ಲಿಡಿ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು, 12.4ಕ್ಕೆ ಇಳಿದಿದ್ರೆ ಚಾರ್ಜ್ ಮಾಡಿ. ಖಾಲಿಯಾಗೇ ನಿಂತ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳೋದು ಕಷ್ಟ.

ಎಲ್ಲಿ ಇಡೋದು?

ಹೊಳೆ ದಂಡೆ, ಹಳ್ಳದ ಪಕ್ಕದ ಪಂಪು ಮೊದಲ ದೊಡ್ಡ ಮಳೆಗೆ ಮುಂಚೆ ಮೇಲೆ ಬರ್ಬೇಕು. ನೀರು ಎಷ್ಟು ಏರುತ್ತೆ ಅಂತ ಮನೆಯ ಹಿರಿಯರನ್ನ ಕೇಳಿ, ಅದಕ್ಕಿಂತ ಎತ್ತರಕ್ಕೆ.

ಕೊಟ್ಟಿಗೆ ಬೇಡ. ಗಂಜಲದಿಂದ ಏಳೋ ಅಮೋನಿಯಾ ತಾಮ್ರ, ಹಿತ್ತಾಳೆ ಭಾಗಗಳನ್ನ ತಿನ್ನುತ್ತೆ. ಗೊಬ್ಬರದ ಚೀಲದ ಪಕ್ಕವೂ ಬೇಡ, ಅದೂ ಉಪ್ಪಿನ ಜಾತಿ. ಬಚ್ಚಲೊಲೆ ಹತ್ರ ಬೆಚ್ಚಗಿರುತ್ತೆ ಅಂತ ಇಡೋರಿದ್ದಾರೆ. ಪೆಟ್ರೋಲ್ ವಾಸನೆ ಇರೋ ಯಂತ್ರ ಬೆಂಕಿಯ ಹತ್ರ ಇಡೋದು ಅಪಾಯ. ನೆಲದ ಮೇಲೆ ನೇರ ಇಡದೆ ಹಲಗೆ ಅಥವಾ ಇಟ್ಟಿಗೆ ಮೇಲಿಡಿ. ಪ್ಲಾಸ್ಟಿಕ್ ಶೀಟಿನಲ್ಲಿ ಗಟ್ಟಿಯಾಗಿ ಸುತ್ತಬೇಡಿ, ಒಳಗೇ ಬೆವರಿ ಇನ್ನೂ ಬೇಗ ತುಕ್ಕು. ಮೇಲಿಂದ ಹನಿ ಬೀಳದ ಹಾಗೆ ಹೊದಿಸಿ, ಕೆಳಗೆ ಗಾಳಿ ಆಡೋಕೆ ಬಿಡಿ.

ನೀವು ಕೇಳಿದ ಎರಡು ಪ್ರಶ್ನೆ

ಹೋದ ವಾರ ವಿಷಯ ಹೇಳಿದಾಗ ಬಂದ ವಾಯ್ಸ್ ಮೆಸೇಜುಗಳಲ್ಲಿ ಒಂದು: ‘ಇಷ್ಟೆಲ್ಲ ಯಾಕೆ, ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಸಾಲ್ದಾ?’ ಇಲ್ಲ, ಅದು ಇನ್ನೂ ಕೆಡುಕು. ಒಂದು ಲೀಟರ್ ಇಂಧನ ಉರಿದ್ರೆ ಹೊಗೆಯಲ್ಲಿ ಸುಮಾರು ಒಂದು ಲೀಟರ್ ನೀರಿನ ಆವಿ ಹುಟ್ಟುತ್ತೆ. ಎಂಜಿನ್ ಚೆನ್ನಾಗಿ ಬಿಸಿಯಾದ್ರೆ ಅದು ಹೊರಗೆ ಹೋಗುತ್ತೆ. ಎರಡು ನಿಮಿಷಕ್ಕೆ ನಿಲ್ಲಿಸಿದ್ರೆ ತಣ್ಣನೆ ಲೋಹದ ಮೇಲೆ ಅದೇ ನೀರಾಗಿ ಇಳಿದು ಆಯಿಲಿಗೂ ಸೈಲೆನ್ಸರಿಗೂ ಸೇರುತ್ತೆ. ಓಡಿಸೋದಾದ್ರೆ ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿ. ಇಲ್ಲಾಂದ್ರೆ ಮುಟ್ಟಬೇಡಿ.

ಇನ್ನೊಂದು: ‘ನೆರೆ ಬಂದು ಪಂಪ್‌ಸೆಟ್ ಮುಳುಗಿದೆ, ಒಣಗಿದ ಮೇಲೆ ಸ್ಟಾರ್ಟ್ ಮಾಡ್ಬಹುದಾ?’ ದಯವಿಟ್ಟು ಹಾಗೆ ಮಾಡ್ಬೇಡಿ, ಮಾರಾಯ್ರೇ. ಸಿಲಿಂಡರಿನಲ್ಲಿ ನೀರಿದ್ರೆ ಹ್ಯಾಂಡಲ್ ಹೊಡೆದ ಕೂಡಲೇ ರಾಡ್ ಬಾಗುತ್ತೆ, ಆಯಿಲಿನಲ್ಲಿ ನೀರಿದ್ರೆ ಬೇರಿಂಗ್ ಹೋಗುತ್ತೆ. ಮೇಲೆ ತಂದು, ಚೊಕ್ಕ ನೀರಿನಲ್ಲಿ ಕೆಸರು ತೊಳೆದು, ಆಯಿಲ್, ಇಂಧನ ಎರಡನ್ನೂ ಬಸಿದು, ಆದಷ್ಟು ಬೇಗ ಮೆಕ್ಯಾನಿಕ್ಕಿಗೆ ಮುಟ್ಟಿಸಿ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಿನ ಓಟ ಜೋರು, ‘ಮಳೆ ನಿಂತ ಮೇಲೆ ನೋಡೋಣ’ ಅನ್ನೋ ಹಾಗಿಲ್ಲ.

ಎಬ್ಬಿಸೋ ದಿನ

ಕೆಲಸ ಇರೋದಕ್ಕೆ ಒಂದು ವಾರ ಮೊದಲೇ ಎಬ್ಬಿಸಿ, ಅದೇ ದಿನ ಬೆಳಿಗ್ಗೆ ಅಲ್ಲ. ಚೀಟಿ ಓದಿ, ಬಟ್ಟೆ ತೆಗೀರಿ. ಆಯಿಲ್ ಮಟ್ಟ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ಅರ್ಥ, ಬದಲಿಸದೆ ಓಡಿಸಬೇಡಿ. ನೀರು, ಬೆಲ್ಟು, ಪೈಪು ನೋಡಿ. ಪೆಟ್ರೋಲ್ ಹೊಸದು ಹಾಕಿ. ಇಂಧನ ಬಂದ್ ಇಟ್ಟೇ ನಾಲ್ಕೈದು ಸಲ ಕೈಯಲ್ಲಿ ತಿರುಗಿಸಿ, ಸರಾಗವಾಗಿ ತಿರುಗಿದ್ರೆ ಆಮೇಲೆ ಸ್ಟಾರ್ಟ್. ಮೊದಲು ಸ್ವಲ್ಪ ಹೊತ್ತು ನೀಲಿ ಹೊಗೆ ಬಂದ್ರೆ ಹೆದರಬೇಡಿ, ನೀವೇ ಬಿಟ್ಟ ಎಣ್ಣೆ ಉರೀತಿದೆ. ಹೊಳೆ, ಹಿನ್ನೀರಿನ ದೋಣಿ, ಲಾಂಚ್ ಆದ್ರೆ ಇನ್ನೊಂದು ಕೆಲಸ: ತಂಪು ಮಾಡೋ ನೀರು ಹಿಂದಿನ ಕೊಳವೆಯಿಂದ ಹೊರಗೆ ಬರ್ತಿದೆಯಾ ಅಂತ ಕಣ್ಣಾರೆ ನೋಡಿದ ಮೇಲೇ ದಡ ಬಿಡಬೇಕು. ನಡುನೀರಲ್ಲಿ ಎಂಜಿನ್ ನಿಂತ್ರೆ ಅಲ್ಲಿ ಮೆಕ್ಯಾನಿಕ್ ಇಲ್ಲ, ನೆಟ್‌ವರ್ಕೂ ಇಲ್ಲ.

ಕೊನೆಗೆ ಬಿ.ಕಾಂ. ಲೆಕ್ಕ. ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಗಡೆ ಒಂದು ಲೀಟರ್ ಆಯಿಲ್, ಒಂದು ಫಿಲ್ಟರ್, ನಿಮ್ಮ ಅರ್ಧ ದಿನದ ಕೂಲಿ. ಬಲಗಡೆ ಕಾರ್ಬ್ಯುರೇಟರ್ ಕ್ಲೀನಿಂಗ್ ಅಥವಾ ರಿಂಗ್ ಬದಲಾವಣೆ, ಮೆಕ್ಯಾನಿಕ್ ಹತ್ರ ಎರಡು ಸಲದ ಓಡಾಟ, ಸಿಕ್ಕ ಕೊನೆಗಾರರನ್ನ ವಾಪಸ್ ಕಳಿಸಿದ ದಿನ, ಆ ದಿನ ಔಷಧಿ ಬೀಳದ ಮರಗಳು. ನಿಮ್ಮೂರಿನ ರೇಟು ನೀವೇ ತುಂಬಿ. ನಾನು ನಮ್ಮನೆಯ ಮೂರು ಯಂತ್ರಕ್ಕೆ ತುಂಬಿ ಅಪ್ಪಯ್ಯನಿಗೆ ತೋರಿಸಿದೆ. ‘ಇದಕ್ಕೆ ಡಿಗ್ರಿ ಬೇಕಿತ್ತಾ?’ ಅಂದ್ರು, ಆದ್ರೆ ಹಾಳೆ ಶೆಡ್ಡಿನ ಬಾಗಿಲಿಗೆ ಅಂಟಿಸಿದ್ರು.

ನಿಮ್ಮನೆಯಲ್ಲಿ ಈಗ ಯಾವ ಎಂಜಿನ್ ಮಲಗಿದೆ, ಯಾವುದು ಮಲಗೋಕೆ ಹೊರಟಿದೆ? ಹೋಗಿ ಒಂದು ಫೋಟೋ ತೆಗೆದು, ಏನು ಮಾಡಿದ್ರಿ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮೆಕ್ಯಾನಿಕ್‌ಗಳು ಯಾರಾದ್ರೂ ಕೇಳ್ತಾ ಇದ್ರೆ, ನಾನು ಬಿಟ್ಟಿದ್ದನ್ನ ನೀವು ಸೇರಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಅಲ್ಲಿ ತನಕ ಕೊಡೆ ಮರೀಬೇಡಿ. ಮತ್ತೆ ಸಿಗೋಣ.